ಕೊರಳಪಟ್ಟಿ ಹೇಳಿದ ‘ಬಾ’

ಜಂಬಣ್ಣ ಓಲೇಕಾರ ಸತ್ತ ಸುದ್ದಿ ಕುಮುದಿನಿ ಯಲಿಗಾರಳ ಮೇಜಿಗೆ ಬಂದದ್ದು ನಾಲ್ಕು ಸಾಲಿನ ದಾಖಲೆಯಾಗಿ. ಮಾತಾಡಿದವನು ಲಖನ್ ಹೆಂಬ್ರಮ್. ಕೇಳಿಸಿಕೊಂಡವನು ಜಂಬಣ್ಣ ಓಲೇಕಾರ. ಹೊತ್ತು ಬೆಳಗಿನ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಅನುವಾದ: ‘ಬಾ. ಬಾ.’

ಅದರ ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು.

“ಅನುವಾದ ಸರಿ ಐತಿ ಅಂತ ನೀವೊಂದು ಸಹಿ ಹಾಕಿಬಿಟ್ರ ಮುಗೀತು ಮೇಡಂ,” ಎಂದ ಅಶ್ವಿನ್ ಮೇಟಿ. ಮಾತು ಅನುವಾದಿಸುವ ಕೊರಳಪಟ್ಟಿಯನ್ನು ರೂಪಿಸಿದ ಧಾರವಾಡದ ಪ್ರಯೋಗಾಲಯದ ವ್ಯವಸ್ಥಾಪಕ ಅವನು, ಅವಳು ಅಲ್ಲಿನ ಭಾಷಾತಜ್ಞೆ. ವಯಸ್ಸಿನಲ್ಲಿ ಕುಮುದಿನಿಗಿಂತ ಹತ್ತು ವರ್ಷ ಚಿಕ್ಕವನಾದ್ದರಿಂದ ಅವಳೆದುರು ಕೂತು ಮಾತಾಡುವುದಕ್ಕೆ ಇನ್ನೂ ಹಿಂಜರಿಯುತ್ತಿದ್ದ. “ಪೊಲೀಸರು ಕೇಳ್ಯಾರ. ಒಳಗಿದ್ದವ ಕರದಾನ, ಹೊರಗಿದ್ದವ ಹೋಗ್ಯಾನ. ನಮ್ಮ ಪಟ್ಟಿದು ಏನೂ ತಪ್ಪಿಲ್ಲ.”

ಕುಮುದಿನಿ ಹೆಂಬ್ರಮ್ ಎಂಬ ಅಡ್ಡಹೆಸರನ್ನು ಮತ್ತೊಮ್ಮೆ ಓದಿದಳು. ಒಡಿಸಾ, ಬಿಹಾರದ ಕಡೆಯ ಸಂತಾಲ ಬುಡಕಟ್ಟಿನವರ ಹೆಸರು ಅದು. ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ನಾಳೆ ಹೇಳ್ತೀನಿ,” ಎಂದಳು.

ಕೊರಳಪಟ್ಟಿ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಎರಡು ಬೆರಳಗಲದ ಆ ಪಟ್ಟಿಯನ್ನು ಕುತ್ತಿಗೆಗೆ ಕಟ್ಟಿಕೊಂಡರೆ ಅದು ಗಂಟಲಿನ ಚರ್ಮದ ನಡುಕವನ್ನು ಹಿಡಿದು ಮಾತನ್ನು ಗುರುತಿಸುತ್ತಿತ್ತು. ಕೇಳುವವನ ಕಿವಿಯಲ್ಲಿ ಸಿಕ್ಕಿಸಿದ ಬಿರಡೆಯೊಳಗೆ ಅವನ ಭಾಷೆಯಲ್ಲೇ ನುಡಿಯುತ್ತಿತ್ತು. ಹೊರಗಿನ ಸದ್ದನ್ನೆಲ್ಲ ಬಿರಡೆ ತಡೆಯುತ್ತಿತ್ತು. ಆ ಸದ್ದಿನ ಜೊತೆಗೆ ಎದುರಿನವನ ನಿಜದನಿಯೂ ಹೊರಗೇ ಉಳಿಯುತ್ತಿತ್ತು. ಎರಡೂ ಒಟ್ಟಿಗೆ ಕೇಳಿದರೆ ಗೊಂದಲವಾಗುತ್ತದೆ ಎಂದು ಹಾಗೆ ಮಾಡಿದ್ದರು. ಮೊದಲು ಆಸ್ಪತ್ರೆಗಳಿಗೆ, ಆಮೇಲೆ ಕಚೇರಿಗಳಿಗೆ, ಐದು ವರ್ಷದ ಹಿಂದೆ ಕಾನೂನಿನ ಮೂಲಕವೇ ಎಲ್ಲ ಕಾರ್ಖಾನೆಗಳಿಗೆ ಅದು ಬಂತು. ಹತ್ತು ಸೀಮೆಯವರು ಕೂಡಿ ದುಡಿಯುವ ಕಡೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಒಬ್ಬರ ಮಾತು ಒಬ್ಬರು ಕಲಿಯುವ ಗರಜು ಯಾರಿಗೂ ಉಳಿಯಲಿಲ್ಲ.

ಹಳೆಯ ಕೆಲವು ರೂಢಿಗಳೂ ಆಗ ಹೋದವು. ಮೊದಲೆಲ್ಲ ಗುಂಡಿಗೋ ಕೊಳವೆಗೋ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು ಒಬ್ಬ ನಿಲ್ಲುತ್ತಿದ್ದ. ಒಂದು ಸಲ ಜಗ್ಗಿದರೆ ಎಲ್ಲ ಸರಿ, ಎರಡು ಸಲ ಜಗ್ಗಿದರೆ ಎಳೆದುಕೋ, ಮೂರು ಸಲ ಜಗ್ಗಿದರೆ ಹೊರಗೇ ಇರು. ಪಟ್ಟಿ ಬಂದ ಮೇಲೆ ಹಿರೇಗುಡ್ಡದ ಉಕ್ಕಿನ ಕಾರ್ಖಾನೆಯಲ್ಲಿ ಹಗ್ಗದ ನಿಯಮವನ್ನು ಅನಗತ್ಯವೆಂದು ತೆಗೆದುಹಾಕಿದರು.

ಅಲ್ಲಿ ನಡೆದದ್ದು ಇಷ್ಟು. ಕುಲುಮೆಯ ಅನಿಲ ಹರಿಯುವ ದೊಡ್ಡ ಕೊಳವೆಯೊಂದನ್ನು ದುರಸ್ತಿಗೆಂದು ನಿಲ್ಲಿಸಿದ್ದರು. ಬಗ್ಗಿ ನಡೆಯುವಷ್ಟು ಎತ್ತರದ ಕೊಳವೆ. ಒಳಗೆ ಕೂತ ಧೂಳನ್ನು ಕೆರೆಯಲು ಲಖನ್ ಹೋಗಿದ್ದ. ಕೊಳವೆಯ ಬಾಯಲ್ಲಿ ಜಂಬಣ್ಣ ನಿಂತಿದ್ದ. ಮುಚ್ಚಿದ್ದ ಕವಾಟವೊಂದು ಎಲ್ಲೋ ಸೋರಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲಖನ್ ಬಿದ್ದ. ಜಂಬಣ್ಣ ನಿಯಂತ್ರಣ ಕೊಠಡಿಗೆ ಸುದ್ದಿ ಮುಟ್ಟಿಸಿದ. ಉಸಿರಿನ ಮುಖವಾಡ ತರಲು ಏಳು ನಿಮಿಷ ಬೇಕು, ಅಲ್ಲಿಯವರೆಗೆ ಒಳಗೆ ಕಾಲಿಡಬೇಡ ಎಂದು ಕೊಠಡಿಯವರು ಹೇಳಿದರು. ಜಂಬಣ್ಣ ಕೊಳವೆಯ ಬಾಯಿಗೆ ಬಗ್ಗಿ, “ಲಖನಾ, ಒಳಗ ಗಾಳಿ ಚಲೋ ಐತೇನು?” ಎಂದು ಕೇಳಿದ. ಉತ್ತರವಾಗಿ ಅವನ ಕಿವಿಯಲ್ಲಿ ಸ್ಪಷ್ಟ ಕನ್ನಡದಲ್ಲಿ ‘ಬಾ, ಬಾ’ ಎಂದು ಕೇಳಿಸಿತು. ಜಂಬಣ್ಣ ಹನ್ನೊಂದು ಹೆಜ್ಜೆ ಒಳಗೆ ಹೋಗಿ ಅಲ್ಲೇ ಕುಸಿದ. ಲಖನ್ ಬದುಕಿದ. ಬಿದ್ದಾಗ ಅವನ ಮೂಗು ಕೊಳವೆಯ ಬೆಸುಗೆ ಬಿಟ್ಟ ಒಂದು ಸೀಳಿನ ಪಕ್ಕದಲ್ಲಿತ್ತು. ಹೊರಗಿನ ಗಾಳಿ ಒಂದಿಷ್ಟು ಅಲ್ಲಿಂದ ಬರುತ್ತಿತ್ತು.

ವಿಷಗಾಳಿ ಇದೆಯೆಂದು ಗೊತ್ತಿದ್ದೂ ಇನ್ನೊಬ್ಬನನ್ನು ಒಳಗೆ ಕರೆದ ಎಂದು ಲಖನ್ ಮೇಲೆ ಮೊಕದ್ದಮೆ ಬಿತ್ತು.

ಮೇಟಿ ಹೋದ ಮೇಲೆ ಕುಮುದಿನಿ ಬಾಗಿಲು ಹಾಕಿಕೊಂಡು ಸಣ್ಣ ಮಾತುಗಳ ಕೋಷ್ಟಕವನ್ನು ತೆಗೆದಳು. ಆ ಕೋಷ್ಟಕ ಅವಳದೇ. ಉದ್ದ ವಾಕ್ಯವಾದರೆ ಯಂತ್ರ ಅದರ ಭಾಷೆಯನ್ನು ತಾನೇ ಹಿಡಿಯುತ್ತದೆ. ಒಂದು ಅಕ್ಷರ, ಎರಡು ಅಕ್ಷರದ ಮಾತು ಬಂದಾಗ ತಡವರಿಸುತ್ತದೆ. ಅಂಥ ಮಾತುಗಳಿಗೆ ಯಾವ ಭಾಷೆಯಲ್ಲಿ ಏನು ಅರ್ಥ, ಯಾವ ಜಾಗದಲ್ಲಿ ಯಾವ ಅರ್ಥಕ್ಕೆ ಎಷ್ಟು ತೂಕ ಎಂದು ಆರು ವರ್ಷದ ಹಿಂದೆ ಕೂತು ಬರೆದವಳು ಅವಳು.

‘ಬಾ’ ಎಂಬ ಸಾಲು ಅವಳಿಗೆ ಬಹಳ ಇಷ್ಟದ್ದಾಗಿತ್ತು. ಪ್ರಯೋಗಾಲಯ ನೋಡಲು ಬಂದವರಿಗೆ ಅದನ್ನೇ ತೋರಿಸುತ್ತಿದ್ದಳು. ಕನ್ನಡದಲ್ಲಿ ಅದು ಧಾತು, ಧಾತುವೇ ಅಪ್ಪಣೆ, ಅದೂ ಸಲುಗೆಯ ಒಬ್ಬರಿಗೆ ಮಾತ್ರ. ಗುಜರಾತಿನ ಮನೆಗಳಲ್ಲಿ ಅದು ತಾಯಿ. ವಿಯೆಟ್ನಾಮಿನವರಿಗೆ ಮೂರು ಎಂಬ ಎಣಿಕೆ. ಹಂಗೇರಿಯನ್ನರಲ್ಲಿ ಅದು ತನ್ನಷ್ಟಕ್ಕೆ ನಿಲ್ಲುವ ಮಾತೇ ಅಲ್ಲ, ನಾಮಪದದ ಬಾಲಕ್ಕೆ ಅಂಟಿಕೊಂಡು ‘ಒಳಕ್ಕೆ’ ಎಂದು ಹೇಳುವ ವಿಭಕ್ತಿ. ಚೀನೀಯರು ಅದನ್ನು ವಾಕ್ಯದ ಕೊನೆಗೆ ಹಚ್ಚಿ ಅಪ್ಪಣೆಯನ್ನು ಮೆತ್ತಗೆ ಮಾಡುತ್ತಾರೆ. ಇನ್ನು ಸಂತಾಲಿಯಲ್ಲಿ ಅದು ನಿಷೇಧ. ಬಿಡಿಯಾಗಿ ನುಡಿದರೆ ‘ಬಾಙ್’, ಅಂದರೆ ಇಲ್ಲ. ವಾಕ್ಯದೊಳಗೆ ಬಂದರೆ ಕೊನೆಯ ಙಕಾರ ಜಾರಿ, ಯಾರು ಮಾಡಲಿಲ್ಲ ಎಂಬ ಗುರುತು ಅದಕ್ಕೇ ಅಂಟುತ್ತದೆ. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ಭಾಷೆಗಳು ಒಂದೇ ಸದ್ದನ್ನು ಹಿಡಿದುಕೊಂಡು ಒಂದೊಂದು ಬದುಕು ಕಟ್ಟಿವೆ ಎಂದು ಅವಳು ಬಂದವರಿಗೆ ವಿವರಿಸುವಾಗ ಅವರು ತಲೆದೂಗುತ್ತಿದ್ದರು.

ಸಂತಾಲಿಯ ಸಾಲನ್ನು ಅವಳು ಬರೆದದ್ದು ಒಂದು ಹಳೆಯ ವ್ಯಾಕರಣ ಪುಸ್ತಕ ನೋಡಿ. ಆ ಭಾಷೆ ಆಡುವ ಒಬ್ಬರನ್ನಾದರೂ ಕರೆಸಿ ಎಂದು ಆಗ ಕೇಳಿದ್ದಳು. ಎಪ್ಪತ್ತು ಲಕ್ಷ ಜನ ಆಡುವ ಮಾತು, ಆದರೆ ಯಂತ್ರಕ್ಕೆ ಕಲಿಸುವಷ್ಟು ಬರಹವಾಗಲಿ ಧ್ವನಿಯಾಗಲಿ ಸಂಗ್ರಹದಲ್ಲಿಲ್ಲ, ಮುಂದೆ ನೋಡೋಣ ಎಂದು ಮೇಲಿನವರು ಹೇಳಿದ್ದರು. ಅನುಮಾನ ಬಂದಾಗ ಪಟ್ಟಿ ‘ಅರ್ಥವಾಗಲಿಲ್ಲ’ ಎಂದು ಹೇಳಲಿ, ಇಲ್ಲವೇ ಸುಮ್ಮನಿದ್ದು ನಿಜದನಿಯನ್ನೇ ಒಳಗೆ ಬಿಡಲಿ ಎಂದೂ ಕೇಳಿದ್ದಳು. ಹಾಗೆ ಮಾಡಿದರೆ ಜನರಿಗೆ ನಂಬಿಕೆ ಹೋಗುತ್ತದೆ ಎಂದರು. ಅವಳು ವಾದ ಮಾಡಿದ್ದಳು, ನಿಜ. ವಾರವಾದ ಮೇಲೆ ಬಿಟ್ಟಿದ್ದಳು. ಕರ್ನಾಟಕದ ಕಾರ್ಖಾನೆಗಳಲ್ಲಿ ಅನುಮಾನವಿದ್ದರೆ ‘ಬಾ’ ಎಂಬುದನ್ನು ಕನ್ನಡವೆಂದೇ ಹಿಡಿಯತಕ್ಕದ್ದು ಎಂಬ ಸಾಲಿನ ಮುಂದೆ ಕು. ಯ. ಎಂಬ ಎರಡಕ್ಷರ ಈಗಲೂ ಇದ್ದವು.

ಗಂಟಲಿನ ಮೂಲ ನಡುಕವನ್ನು ಪಟ್ಟಿ ಮೂವತ್ತು ದಿನ ಕಾದಿಡುತ್ತದೆ. ಅವಳು ಅದನ್ನು ಹಾಕಿ ಕೇಳಿದಳು. ಮೊದಲ ಸದ್ದು ಬರೀ ‘ಬಾ’. ಎರಡನೆಯದನ್ನು ನಿಧಾನಗೊಳಿಸಿ ಹತ್ತಾರು ಸಲ ಕೇಳಿದಾಗ ಅದರ ತುದಿಯಲ್ಲೊಂದು ಗುಂಯ್‌ಗುಟ್ಟುವಿಕೆ ಸಿಕ್ಕಿತು. ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟು. ಮೂಗಿನಿಂದ ಹೊರಡುವ ಸದ್ದು ಕುತ್ತಿಗೆಯಲ್ಲಿ ಅಷ್ಟಾಗಿ ನಡುಗುವುದಿಲ್ಲ. ಉಸಿರು ನಿಲ್ಲುತ್ತಿರುವವನಲ್ಲಂತೂ ಇಲ್ಲವೇ ಇಲ್ಲ ಎನ್ನಬೇಕು. ‘ಕ ಖ ಗ ಘ’ ಎಂದು ಒಪ್ಪಿಸುವಾಗ ಮಕ್ಕಳು ಕೊನೆಯಲ್ಲಿ ಮೂಗು ಹಿಂಡಿ ಹೇಳುವ ಅಕ್ಷರ ಅದು. ಅದೊಂದು ಕೇಳಿಸದೆ ಹೋದದ್ದರಿಂದ ಒಬ್ಬ ಮನುಷ್ಯ ಹೋಗಿಬಿಟ್ಟಿದ್ದ.

ಲಖನನ ಪಟ್ಟಿಯ ನೋಂದಣಿಯಲ್ಲಿ ಮಾತೃಭಾಷೆ ಎಂಬಲ್ಲಿ ‘ಹಿಂದಿ’ ಎಂದಿತ್ತು. ಅವನ ತಂಡದ ನಲವತ್ತೆರಡು ಜನಕ್ಕೂ ಗುತ್ತಿಗೆದಾರ ಅದನ್ನೇ ಬರೆಸಿದ್ದ. ದಿನದ ಕೆಲಸಕ್ಕೆ ಅವರು ಹಿಂದಿಯನ್ನೇ ಆಡುತ್ತಿದ್ದರು. ಪ್ರಾಣಕ್ಕೆ ಬಂದಾಗ ಲಖನನ ಬಾಯಲ್ಲಿ ಬಂದದ್ದು ತಾಯಿಯ ಮಾತು. ಹಿಂದಿಗೆ ಹೊಂದದ ಆ ಸದ್ದನ್ನು ಯಂತ್ರ ಕುಮುದಿನಿಯ ಕೋಷ್ಟಕಕ್ಕೆ ತಳ್ಳಿತ್ತು.

ಅಂದು ಸಂಜೆ ಮನೆಗೆ ಬಂದವಳೇ ಅವಳು ಪಟ್ಟಿಯನ್ನೂ ಬಿರಡೆಗಳನ್ನೂ ತೆಗೆದಿಟ್ಟು ಅಡುಗೆಮನೆಗೆ ಹೋದಳು. ಅತ್ತೆ ಇಂದಿರಾಬಾಯಿ ಕೊಲ್ಹಾಪುರದ ಕಡೆಯವರು. ಮರಾಠಿ ಬಿಟ್ಟರೆ ಬೇರೆ ಬಾರದು. ಮದುವೆಯಾದ ಹೊಸತರಲ್ಲಿ ಕುಮುದಿನಿ ಅವರ ಜೊತೆ ಒಲೆ ಮುಂದೆ ನಿಂತು ನಿಂತೇ ಮರಾಠಿ ಕಲಿತಿದ್ದಳು. ಈಗ ಬಾಯಿ ತೆರೆದರೆ ಒಂದೂ ಮಾತು ನೆನಪಾಗಲಿಲ್ಲ. ಕಷ್ಟಪಟ್ಟು, “ಮೀ ಕರ್ತೆ,” ನಾನು ಮಾಡ್ತೀನಿ, ಎಂದು ಅವರ ಕೈಯಿಂದ ಲಟ್ಟಣಿಗೆ ತೆಗೆದುಕೊಂಡಳು.

ಇಂದಿರಾಬಾಯಿ ಅವಳ ಬರಿಗೊರಳನ್ನು ನೋಡಿದರು. ತಮ್ಮ ಕಿವಿಯ ಬಿರಡೆಗಳನ್ನೂ ತೆಗೆದು, ಇನ್ನೊಮ್ಮೆ ಹೇಳು ಎಂದು ಕೈ ಮಾಡಿದರು. ಅವಳು ಮತ್ತೆ ಹೇಳಿದಳು. “ತುಝಾ ಆವಾಜ್ ಕಿತಿ ದಿವಸಾಂನಿ ಐಕಲಾ,” ಎಂದರು. ನಿನ್ನ ದನಿ ಕೇಳಿ ಎಷ್ಟು ದಿನವಾಗಿತ್ತು. ಆಮೇಲೆ ಅವರು ಸಂತೋಷದಿಂದ ಎಷ್ಟೋ ಹೊತ್ತು ಮಾತಾಡಿದರು. ಕುಮುದಿನಿಗೆ ಅದರಲ್ಲಿ ಅರ್ಧದಷ್ಟೂ ತಿಳಿಯಲಿಲ್ಲ. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ ಈ ಮುದುಕಿಯ ಮಾತು ತನ್ನಿಂದ ಹೋಗಿಬಿಟ್ಟಿತ್ತು. ತಲೆಯಾಡಿಸುತ್ತ ಚಪಾತಿ ಲಟ್ಟಿಸಿದಳು.

ಮರುದಿನ ಸಹಿ ಹಾಕದೆ ಅವಳು ಹಿರೇಗುಡ್ಡದ ಬಸ್ಸು ಹತ್ತಿದಳು.

ಲಖನ್ ತಾಲ್ಲೂಕಿನ ಆಸ್ಪತ್ರೆಯ ಮೂಲೆಯ ಹಾಸಿಗೆಯಲ್ಲಿದ್ದ. ಮೂವತ್ತರ ಆಸುಪಾಸಿನ ಸಣಕಲು ಆಳು. ಎರಡೂ ಕೈ ತಾವಾಗಿ ನಡುಗುತ್ತಿದ್ದವು. ಕಾವಲಿಗೆ ಒಬ್ಬ ಪೇದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. “ಅನಿಲ ತಲೆಗೆ ಏರಿದೆ,” ಎಂದರು ವೈದ್ಯರು. “ಹಿಂದಿ ಹೋಗಿಬಿಟ್ಟಿದೆ. ಹೇಳಿದ್ದು ತಿಳಿಯುವುದಿಲ್ಲ, ಆಡಲೂ ಬರುವುದಿಲ್ಲ. ಆಮೇಲೆ ಕಲಿತದ್ದು ಕೆಲವರಲ್ಲಿ ಮೊದಲು ಹೋಗುತ್ತದೆ. ಅವನು ಏನೋ ಮಾತಾಡುತ್ತಾನೆ, ಪಟ್ಟಿಯಲ್ಲಿ ಬಾಯಿಗೆ ಬಂದದ್ದು ಕೇಳಿಸುತ್ತದೆ.”

ಕುಮುದಿನಿ ಹಾಸಿಗೆಯ ಪಕ್ಕ ಕೂತಳು. ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಪುಸ್ತಕದಿಂದ ಕಲಿತ ನಾಲ್ಕಾರು ಮಾತು ಬಿಟ್ಟರೆ ಅವಳಲ್ಲಿ ಬೇರೇನಿರಲಿಲ್ಲ. ಕೊನೆಗೆ, “ಬಾಙ್?” ಎಂದಳು.

ಲಖನ್ ಕಣ್ಣು ಬಿಟ್ಟು ಅವಳನ್ನೇ ನೋಡಿದ. ಅವನ ಮುಖ ಒಮ್ಮೆಲೇ ಬಿಗಿಯಿತು. ನಡುಗುವ ಅಂಗೈಯನ್ನು ಎದುರಿಗೆ ಚಾಚಿ, ಬರುತ್ತಿರುವ ಯಾರನ್ನೋ ಹಿಂದಕ್ಕೆ ತಳ್ಳುವವನಂತೆ ಮಾಡಿ, “ಬಾಙ್. ಬಾಙ್. ಬಾಙ್,” ಎಂದ. ಕಣ್ಣಿಂದ ನೀರು ಇಳಿಯುತ್ತಿತ್ತು.

ಬಾಗಿಲ ಬಳಿಯಿದ್ದ ಪೇದೆ ಕುರ್ಚಿಯಿಂದ ಎದ್ದು, ಕಿವಿಯ ಬಿರಡೆ ತೆಗೆಯುತ್ತ ಹಾಸಿಗೆಯ ಹತ್ತಿರ ಬಂದ.

“ಏನ್ರಿ?” ಎಂದು ಕೇಳಿದಳು ಕುಮುದಿನಿ.

“ಕರೀಲಿಕ್ಕೆ ಹತ್ಯಾನಲ್ರೀ,” ಎಂದ ಪೇದೆ. “ಬಾ ಬಾ ಅಂತ ಮೂರು ಸಲ ಅಂದ.”

ಕುಮುದಿನಿ ಎದ್ದು ಹೊರಗೆ ಬಂದಳು. ವರಾಂಡದಲ್ಲಿ ಲಖನನ ಹೆಂಡತಿ ಮಾಯ್ನೊ ಕಂಬಕ್ಕೆ ಒರಗಿ ಕೂತಿದ್ದಳು. ಜಂಬಣ್ಣ ಸತ್ತ ದಿನವೇ ಕಾರ್ಮಿಕರ ಕಾಲೊನಿಯ ಜನ ಅವಳ ಸಾಮಾನು ಬೀದಿಗೆ ಹಾಕಿದ್ದರಂತೆ. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಇತ್ತು. ಯಾರು ಕೊಟ್ಟರು ಎಂದು ಕುಮುದಿನಿ ನರ್ಸನ್ನು ಕೇಳಿದಳು.

“ಸತ್ತವನ ಹೆಂಡ್ತಿ ತಂದುಕೊಟ್ಟು ಹೋಗ್ತಾಳ್ರಿ, ದಿನಾ,” ಎಂದಳು ನರ್ಸ್. “ಬಾಗಲದಾಗ ಇಟ್ಟು, ಮಾತಾಡದನ ಹೋಗಿಬಿಡ್ತಾಳ.”

ಜಂಬಣ್ಣನ ಹೆಂಡತಿ ಹುಲಿಗೆಮ್ಮನ ಮನೆ ಕಾಲೊನಿಯ ಮೂರನೆಯ ಸಾಲಿನಲ್ಲಿತ್ತು. ಒಳಗೆ ನೆಂಟರು ತುಂಬಿದ್ದರು. ಹುಲಿಗೆಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಅತ್ತ ಗುರುತು ಮುಖದಲ್ಲಿ ಇರಲಿಲ್ಲ. ಕುಮುದಿನಿ ತಾನು ಯಾರು ಎಂದು ಹೇಳಿದಳು. ಪಟ್ಟಿ ಏನು ತಪ್ಪು ಮಾಡಿತು, ಆ ತಪ್ಪನ್ನು ಅದಕ್ಕೆ ಕಲಿಸಿದವರು ಯಾರು ಎಂದೂ ಹೇಳಿದಳು.

ಹುಲಿಗೆಮ್ಮ ಕೈಯಲ್ಲಿದ್ದ ತಂಬಿಗೆಯನ್ನು ತೊಳೆದು ಬೋರಲು ಹಾಕಿದಳು. “ನಮ್ಮನಿಯವ್ರು ಏನು ಕೇಳಿದ್ದರು?”

“ಒಳಗ ಗಾಳಿ ಚಲೋ ಐತೇನು ಅಂತ.”

“ಅದಕ್ಕ ಲಖನ ಏನಂದ? ಅವನ ಬಾಯಾಗ ಬಂದದ್ದು ಹೇಳ್ರಿ.”

“ಬಾಙ್ ಅಂದ.”

ಹುಲಿಗೆಮ್ಮ ಉಳಿದ ಪಾತ್ರೆಗಳನ್ನೂ ತೊಳೆದು ಬೋರಲು ಹಾಕಿದಳು. ಆಮೇಲೆ, “ನೀವು ಹೋಗ್ರಿ ಅಕ್ಕಾರ,” ಎಂದು ಎದ್ದು ಒಳಗೆ ಹೋದಳು.

ವಿಚಾರಣೆ ನಡೆದದ್ದು ಮೂರು ವಾರದ ಮೇಲೆ, ಕಾರ್ಖಾನೆಯ ತರಬೇತಿ ಸಭಾಂಗಣದಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಸರ್ಕಾರದ ಕಡೆಯಿಂದ ಒಬ್ಬ ವಿಚಾರಣಾಧಿಕಾರಿ ಬಂದಿದ್ದರು. ಸಂಸ್ಥೆಯ ವಕೀಲರ ಪಕ್ಕ ಮೇಟಿ ಕೂತಿದ್ದ. ಕುಮುದಿನಿಯ ಕಡೆ ನೋಡಲಿಲ್ಲ. ಹಿಂದಿನ ಸಾಲುಗಳಲ್ಲಿ ಕಾರ್ಮಿಕರು. ಎಲ್ಲರ ಕೊರಳಲ್ಲೂ ಪಟ್ಟಿ. ಲಖನನನ್ನು ಗಾಲಿಕುರ್ಚಿಯಲ್ಲಿ ಕರೆತಂದರು.

“ಜಂಬಣ್ಣನವರನ್ನು ಒಳಗೆ ಕರೆದದ್ದು ನೀವೇನಾ?” ಎಂದು ಅಧಿಕಾರಿ ಕೇಳಿದರು.

ಕಿವಿಯಲ್ಲಿ ಬಂದ ಹಿಂದಿ ಲಖನನಿಗೆ ತಿಳಿಯಲಿಲ್ಲ. ಮುರುಕು ಹಿಂದಿ ಬಲ್ಲ ಮಾಯ್ನೊ ಅವನತ್ತ ಬಾಗಿ, ಅವನ ಕಿವಿಯ ಬಿರಡೆ ತೆಗೆದು ತಮ್ಮ ಮಾತಿನಲ್ಲಿ ಕೇಳಿದಳು. ಅವನ ತುಟಿ ಅಲುಗಿತು. ಸಭಾಂಗಣದಲ್ಲಿದ್ದ ಇನ್ನೂರು ಕಿವಿಗಳಲ್ಲಿ ಒಂದೇ ಸಲಕ್ಕೆ ‘ಬಾ’ ಎಂದು ಕೇಳಿಸಿತು. ಹಿಂದಿನಿಂದ ಗುಜುಗುಜು ಎದ್ದಿತು. ಒಬ್ಬ ಎದ್ದು ನಿಂತು, “ಕೇಳಿದ್ರಲ್ಲ ಸಾಹೇಬ್ರ, ಇಲ್ಲೂ ಅದನ್ನ ಅಂದ,” ಎಂದ.

ಕುಮುದಿನಿ ಎದ್ದಳು. “ಎಲ್ಲರೂ ಪಟ್ಟಿ ಬಿಚ್ಚಿ, ಕಿವಿಯ ಬಿರಡೆ ತೆಗೆದು ಇನ್ನೊಮ್ಮೆ ಕೇಳಬೇಕು ಸರ್. ಎರಡು ನಿಮಿಷ ಸಾಕು.”

ವಕೀಲರು ತಕರಾರು ಮಾಡಿದರು. ಅಧಿಕಾರಿ ಸ್ವಲ್ಪ ಯೋಚಿಸಿ ತಮ್ಮ ಪಟ್ಟಿಯನ್ನು ತಾವೇ ಮೊದಲು ತೆಗೆದರು. ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಕುಲುಮೆಯ ಮೊರೆತ, ಫ್ಯಾನುಗಳ ಕಿರಗುಟ್ಟುವಿಕೆ, ಯಾರದೋ ಕೆಮ್ಮು ಎಲ್ಲ ಒಟ್ಟಿಗೆ ಕೇಳತೊಡಗಿತು. ಮಾಯ್ನೊ ಮತ್ತೆ ಕೇಳಿದಳು.

“ಬಾಙ್,” ಎಂದ ಲಖನ್. ದನಿ ಒಡೆದಿತ್ತು, ಆದರೂ ಕೊನೆಯ ಸಾಲಿಗೆ ಮುಟ್ಟಿತು.

ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ಎತ್ತಿ ಹಿಡಿದು ಅಧಿಕಾರಿಯನ್ನು ನೋಡಿದ. “ಏನಂತ ಬರೀಲಿ ಸರ್?”

“ಇಲ್ಲ ಅಂತ ಬರೀರಿ,” ಎಂದಳು ಕುಮುದಿನಿ. “ಸಂತಾಲಿಯಲ್ಲಿ ಅದರ ಅರ್ಥ ಇಲ್ಲ ಅಂತ. ಅವತ್ತು ಕೊಳವೆಯೊಳಗೂ ಅವರು ಹೇಳಿದ್ದು ಅದನ್ನೇ. ಕೋಷ್ಟಕ ಬರೆದವಳು ನಾನು, ತಪ್ಪು ಅದರಲ್ಲಿದೆ.”

“ಮೇಡಂ,” ಎಂದರು ವಕೀಲರು ಮೆತ್ತಗೆ, “ಈ ಭಾಷೆ ಆಡುವವರನ್ನು ಈ ಮೊದಲು ನೀವು ಎಂದಾದರೂ ಕೇಳಿದ್ದೀರಾ?”

“ಇಲ್ಲ. ಪುಸ್ತಕದಲ್ಲಿ ಓದಿದ್ದೆ.”

“ಅಂದರೆ ಒಂದು ಪುಸ್ತಕದ ಮಾತು. ಹೆಂಡತಿ ಗಂಡನ ಪರ ಹೇಳುತ್ತಾಳೆ, ಅದು ಬಿಡಿ. ತಂಡದವರೆಲ್ಲ ಊರಿಗೆ ಹೊರಟುಹೋಗಿದ್ದಾರೆ. ಈ ಸಭೆಯಲ್ಲಿ ಆ ಭಾಷೆ ಬಲ್ಲವರು ಬೇರೆ ಯಾರಾದರೂ ಇದ್ದಾರಾ?”

ದುಭಾಷಿಗಳ ಕಸುಬೇ ನಿಂತು ಎಷ್ಟೋ ಕಾಲವಾಗಿತ್ತು. ವಕೀಲರು ಸಾಲುಗಳತ್ತ ಕಣ್ಣು ಹಾಯಿಸಿದರು. ಕೊನೆಗೆ ಹೆಂಗಸರ ಸಾಲಿನಲ್ಲಿ ಹುಲಿಗೆಮ್ಮ ಎದ್ದು ನಿಂತಳು. ಪಕ್ಕದಲ್ಲಿದ್ದ ಮೈದುನ ಅವಳ ಸೆರಗು ಹಿಡಿದು ಜಗ್ಗಿದ, ಅವಳು ಕೊಡವಿಕೊಂಡಳು.

“ಅದರ ಅರ್ಥ ಇಲ್ಲ ಅಂತನರಿ ಸಾಹೇಬ್ರ,” ಎಂದಳು.

“ನಿಮಗೆ ಹೇಗೆ ಗೊತ್ತು ತಾಯಿ?”

“ಈ ಪಟ್ಟಿ ಇನ್ನೂ ಬರಾಕ ಮೊದಲ ಎರಡು ವರ್ಷ ಇವರು ನಮ್ಮ ಗ್ವಾಡಿ ಮಗ್ಗಲದಾಗ ಇದ್ರು. ಒಂದ ನಳ. ನಾ ಮಾಯ್ನೊಗ ನೀರು ಸಾಕೇನ ಅಂತ ಕೇಳಿದ್ರ ಆಕಿ ಬಾಙ್ ಅನ್ನಾಕಿ. ನನಗ ಮೊದಮೊದಲು ಸಿಟ್ಟು ಬರ್ತಿತ್ತು, ಇಕಿ ನನ್ನ ಬಾ ಅಂತಾಳ, ಯಾಕ ಬರಬೇಕು ಅಂತ. ನಮ್ಮನಿಯವ್ರು ನಕ್ಕು ಹೇಳಿದ್ರು, ಹಂಗಂದ್ರ ಇಲ್ಲ ಅಂತ, ಲಖನ ನನಗ ಹೇಳಿಕೊಟ್ಟಾನ ಅಂತ.”

ಅಧಿಕಾರಿ ಮುಂದಕ್ಕೆ ಬಾಗಿದರು. “ನಿಮ್ಮ ಯಜಮಾನರಿಗೂ ಆ ಮಾತು ಗೊತ್ತಿತ್ತೇ?”

“ಅವರಿಗೇ ಮೊದಲ ಗೊತ್ತಿದ್ದದ್ದು. ಉಣ್ಣಾಕ ಕರದ್ರ ನನ್ನ ಕಾಡಾಕ ಅಂತ ಬಾಙ್ ಅಂತಿದ್ರು.” ಅವಳು ತನ್ನ ಬರಿಗಿವಿಯನ್ನು ಮುಟ್ಟಿ ತೋರಿಸಿದಳು. “ಕಿವಿ ಖಾಲಿ ಇದ್ದಿದ್ರ ಅವರು ನಿಂತಿರ್ತಿದ್ರು ಸಾಹೇಬ್ರ. ಕೊಳವಿ ಬಾಯಾಗ ನಿಂತಿರ್ತಿದ್ರು. ಏಳು ನಿಮಿಷ ಅಷ್ಟ.”

ಗುಮಾಸ್ತ ಅದನ್ನು ಬರೆದುಕೊಂಡ. ಕುಮುದಿನಿ ಕೂತುಕೊಂಡಳು. ಯಂತ್ರಕ್ಕೆ ಭಾಷೆ ಗೊತ್ತಿರಲಿಲ್ಲವೆಂದು ಅವಳು ಇಷ್ಟು ದಿನ ಕೊರಗಿದ್ದಳು. ಗೊತ್ತಿದ್ದ ಮನುಷ್ಯನ ಕಿವಿಯನ್ನೇ ಅದು ಮುಚ್ಚಿತ್ತೆಂಬುದು ಅವಳಿಗೆ ಹೊಳೆದಿರಲಿಲ್ಲ.

ಲಖನ್ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಅವನೂ ಮಾಯ್ನೊಳೂ ಊರಿಗೆ ಹೋದರು. ಕೈಯ ನಡುಕ ನಿಲ್ಲಲಿಲ್ಲ, ಹಿಂದಿ ತಿರುಗಿ ಬರಲಿಲ್ಲ ಎಂದು ಆಮೇಲೆ ಆಸ್ಪತ್ರೆಯವರಿಂದ ತಿಳಿಯಿತು. ಸಂಸ್ಥೆಯ ವರದಿ ನೋಂದಣಿಯ ದೋಷವನ್ನು ಗುತ್ತಿಗೆದಾರನ ತಲೆಗೂ ಕೋಷ್ಟಕದ ದೋಷವನ್ನು ಕುಮುದಿನಿಯ ತಲೆಗೂ ಕಟ್ಟಿತು. ಅವಳನ್ನು ಕೆಲಸದಿಂದ ತೆಗೆದರು. ನಿರ್ಲಕ್ಷ್ಯದಿಂದಾದ ಸಾವಿನ ಮೊಕದ್ದಮೆಯಲ್ಲಿ ಅವಳ ಹೆಸರು ಸೇರಿತು. ಹೆಸರಿನ ಮುಂದೆ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಅವಳು ಅಲ್ಲಗಳೆಯಲಿಲ್ಲ.

ಒಂದು ದಿನ ಮೇಟಿ ಫೋನು ಮಾಡಿದ. “ಸರಿ ಮಾಡೀವಿ ಮೇಡಂ. ಸಂತಾಲರು ಇರೋ ತಂಡದಾಗ ಅನುಮಾನ ಬಂದ್ರ ಇನ್ಮ್ಯಾಲೆ ಇಲ್ಲ ಅಂತನ ಹೇಳ್ತದ.”

“ಆ ತಂಡದಾಗ ಒಬ್ಬ ಕನ್ನಡದವ ಸಿಕ್ಕೊಂಡು ಬಾ ಅಂದ್ರ?”

“ಅದನ್ನೂ ನೋಡ್ತೀವಿ,” ಎಂದ ಮೇಟಿ.

“ತಿರುವಿ ಹಾಕಿದ್ರ ಸರಿ ಮಾಡಿದಂಗಲ್ಲ. ಗೊತ್ತಿಲ್ಲದಾಗ ಅದು ಸುಮ್ನಿರಬೇಕು ಅಶ್ವಿನ್. ದನಿ ಒಳಗ ಬಿಡಬೇಕು.”

“ಸುಮ್ನಿರೋ ಯಂತ್ರ ಯಾರಿಗೆ ಬೇಕು ಮೇಡಂ,” ಎಂದ ಅವನು. ಆ ದನಿಯಲ್ಲಿ ಉದ್ಧಟತನವಿರಲಿಲ್ಲ, ದಣಿವಿತ್ತು.

ಅವನು ಹೇಳಿದ್ದು ಸುಳ್ಳೂ ಅಲ್ಲ. ವಿಚಾರಣೆಯ ನಂತರ ಹಿರೇಗುಡ್ಡದಲ್ಲಿ ಹನ್ನೊಂದು ದಿನ ಪಟ್ಟಿಯನ್ನು ನಿಲ್ಲಿಸಿದ್ದರು. ಐದು ವರ್ಷ ಹೆಗಲಿಗೆ ಹೆಗಲು ಕೊಟ್ಟು ದುಡಿದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ‘ಹಿಡಿ’, ‘ಬಿಡು’, ‘ಬಿಸಿ’ ಎಂಬಷ್ಟಕ್ಕೂ ಅವರ ನಡುವೆ ಮಾತಿರಲಿಲ್ಲ. ಆರನೆಯ ದಿನ ಒಬ್ಬನ ಪಾದದ ಮೇಲೆ ಕಬ್ಬಿಣದ ತೊಲೆ ಇಳಿಯಿತು. ಹನ್ನೊಂದನೆಯ ದಿನ ಕಾರ್ಮಿಕರೇ ಗುಂಪಾಗಿ ಹೋಗಿ, ಪಟ್ಟಿ ವಾಪಸು ಕೊಡಿ ಎಂದು ಕೇಳಿದರು.

ಮೊಕದ್ದಮೆಗೆಂದು ಕುಮುದಿನಿ ತಿಂಗಳಿಗೊಮ್ಮೆ ಆ ಊರಿಗೆ ಬರಬೇಕಾಗುತ್ತಿತ್ತು. ನ್ಯಾಯಾಲಯದಿಂದ ಬಸ್‌ ನಿಲ್ದಾಣಕ್ಕೆ ದಾರಿ ಕಾರ್ಖಾನೆಯ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಚಳಿಗಾಲದ ಒಂದು ಮಧ್ಯಾಹ್ನ, ಎರಡನೆಯ ಪಾಳಿಯ ಜನ ಒಳಗೆ ಹೋಗುವ ಹೊತ್ತಿನಲ್ಲಿ, ಸೀರೆಯ ಮೇಲೆ ಖಾಕಿ ಕೋಟು ತೊಟ್ಟ ಹೆಂಗಸೊಬ್ಬಳು ಸಾಲಿನಿಂದ ಹೊರಬಂದು ಅವಳೆದುರು ನಿಂತಳು.

“ನಮ್ಮನಿಯವರ ಜಾಗಕ್ಕ ನನ್ನ ತೊಗೊಂಡಾರ್ರಿ,” ಎಂದಳು ಹುಲಿಗೆಮ್ಮ. “ಕೊಳವಿ ಕಡೆ ಅಲ್ಲ, ಗೋದಾಮಿನಾಗ. ಒಡಿಸಾದವರು, ಬಿಹಾರದವರು, ಎಲ್ಲಾರೂ ಅದಾರ.” ಅವಳ ಕೊರಳಲ್ಲಿ ಹೊಸ ಪಟ್ಟಿ ಇತ್ತು, ಬಿರಡೆಗಳು ಇನ್ನೂ ಅಂಗೈಯಲ್ಲಿದ್ದವು. “ಒಂದು ಕೇಳಬೇಕಾಗಿತ್ರಿ ಅಕ್ಕಾರ. ಎದುರಿನವರ ಸ್ವಂತ ದನಿ ಕೇಳಿಸೋ ಗುಂಡಿ ಇದರಾಗ ಯಾವುದು?”

ಕುಮುದಿನಿ ಪಟ್ಟಿಯನ್ನೇ ನೋಡಿದಳು. “ಇಲ್ಲ ಹುಲಿಗೆಮ್ಮ. ಅದನ್ನ ನಾವು ಇಡಲಿಲ್ಲ.”

ಹುಲಿಗೆಮ್ಮ ತಲೆಯಾಡಿಸಿದಳು. ಬಲಗಿವಿಗೆ ಒಂದು ಬಿರಡೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಕೋಟಿನ ಜೇಬಿಗೆ ಇಳಿಸಿ, ಸೆರಗನ್ನು ಎಡಗಿವಿಯ ಮೇಲೆ ಎಳೆದುಕೊಂಡು ಸಾಲಿಗೆ ಹೋಗಿ ನಿಂತಳು. ಅವಳ ಸರದಿ ಬಂದಾಗ ಕಾವಲಿನವನು ಕೈ ಅಡ್ಡ ಹಿಡಿದ. ಅವಳ ಪಟ್ಟಿಯ ದೀಪ ಕೆಂಪಗೇ ಇತ್ತು. ಅವನು ಏನೋ ಹೇಳಿ ತನ್ನ ಎಡಗಿವಿಯನ್ನು ಮುಟ್ಟಿ ತೋರಿಸಿದ. ಅವನು ಕೋಪದಿಂದಿರಲಿಲ್ಲ, ಹಿಂದೆ ಸಾಲು ಬೆಳೆಯುತ್ತಿತ್ತು. ಹುಲಿಗೆಮ್ಮ ಜೇಬಿನಿಂದ ಬಿರಡೆ ತೆಗೆದು ಎಡಗಿವಿಗೂ ಹಾಕಿಕೊಂಡಳು. ದೀಪ ಹಸಿರಾಯಿತು. ಗೇಟು ತೆರೆಯಿತು.

“ಹುಲಿಗೆಮ್ಮಾ,” ಎಂದು ಕುಮುದಿನಿ ಕೂಗಿದಳು. ಏನು ಹೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಹತ್ತೇ ಮಾರು ದೂರ. ಆದರೆ ಕುಮುದಿನಿಯ ಕೊರಳಲ್ಲಿ ಪಟ್ಟಿ ಇರಲಿಲ್ಲ. ಹುಲಿಗೆಮ್ಮ ತಿರುಗಿ ನೋಡದೆ ಉಳಿದವರ ಜೊತೆ ಒಳಗೆ ನಡೆದಳು.